ವಯಸ್ಸಾಯ್ತಲ್ಲ ಅನ್ನುವ ಮೊದಲು

ಹೋದ ವರ್ಷ ಮಾರ್ಚ್‌ನಲ್ಲಿ ತಿಪಟೂರಿನಲ್ಲಿ ನಮ್ಮ ಹತ್ತಿರದ ಸಂಬಂಧಿಕರ ಮದುವೆ. ಊಟ ಮುಗಿಸಿ ಛತ್ರದ ಮೆಟ್ಟಿಲು ಇಳಿಯುತ್ತಿದ್ದ ಅಪ್ಪನ ಎಡಗಾಲಿನ ಚಪ್ಪಲಿ ಜಾರಿ ಹಿಂದೆಯೇ ಉಳಿಯಿತು. ಅಪ್ಪ ನಿಲ್ಲಲಿಲ್ಲ. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು. ಹಾಗೇ ಹತ್ತು ಹದಿನೈದು ಹೆಜ್ಜೆ ನಡೆದುಬಿಟ್ಟರು. ಮಧ್ಯಾಹ್ನ ಎರಡು ಗಂಟೆ, ಸಿಮೆಂಟ್ ನೆಲ ಕಾದ ಹೆಂಚಿನ ಹಾಗಿತ್ತು. ಯಾರೋ ಕೂಗಿ ಹೇಳಿದ ಮೇಲೆ ಬಗ್ಗಿ ನೋಡಿಕೊಂಡು, "ಅರೆ, ಯಾವಾಗ ಬಿತ್ತು ಇದು?" ಅಂದರು.

"ಮೇಷ್ಟ್ರಿಗೆ ವಯಸ್ಸಾಯ್ತು ಬಿಡಿ" ಅಂತ ಪಕ್ಕದಲ್ಲಿದ್ದವರು ನಕ್ಕರು. ಅಪ್ಪನೂ ನಕ್ಕರು. ನಾನೂ ನಕ್ಕೆ. ಈಗಲೂ ನನ್ನನ್ನು ಚುಚ್ಚುವುದು ಆ ನಗು.

ಅಪ್ಪನಿಗೆ ಆಗ 68. ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತರಾದವರು. ಸಕ್ಕರೆ ಕಾಯಿಲೆಗೆ ಹನ್ನೊಂದು ವರ್ಷದಿಂದ ಮೆಟ್‌ಫಾರ್ಮಿನ್ ಮಾತ್ರೆ, ಎದೆಯುರಿಗೆ ನಾಲ್ಕೈದು ವರ್ಷದಿಂದ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಆ್ಯಸಿಡಿಟಿ ಮಾತ್ರೆ. ನಮ್ಮದು ಮೊಟ್ಟೆಯೂ ಇಲ್ಲದ ಶುದ್ಧ ಸಸ್ಯಾಹಾರದ ಮನೆ. ಈ ಮೂರು ಸಂಗತಿಗಳನ್ನು ಒಟ್ಟಿಗೆ ಒಂದು ಸಾಲಿನಲ್ಲಿ ಇಟ್ಟು ನೋಡಬೇಕು ಅಂತ ನನಗೆ ಹೊಳೆಯಲು ಇನ್ನೂ ಐದು ತಿಂಗಳು ಬೇಕಾಯಿತು.

87 ಅಂತ ತೋರಿಸಿತು

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಮದುವೆಯಾದ ಎರಡು ವಾರಕ್ಕೆ ಆಫೀಸಿನಲ್ಲಿ ಊಟದ ಹೊತ್ತಿಗೆ 'ಜೈವಿಕ ವಯಸ್ಸಿ'ನ ಮಾತು ಬಂತು. ಹುಟ್ಟಿದ ತಾರೀಖಿನ ಲೆಕ್ಕದ ವಯಸ್ಸು ಒಂದು, ದೇಹ ಎಷ್ಟು ಸವೆದಿದೆ ಅನ್ನುವ ಲೆಕ್ಕದ ವಯಸ್ಸು ಇನ್ನೊಂದು. ಇದನ್ನು ಅಳೆಯಲು ಹಲವು ಬಗೆಯ ಲೆಕ್ಕಗಳಿವೆ. 2013ರಲ್ಲಿ ಸ್ಟೀವ್ ಹೋರ್ವಾತ್ ಎಂಬ ವಿಜ್ಞಾನಿ ನಮ್ಮ ಡಿಎನ್‌ಎ ಮೇಲಿನ 353 ಜಾಗಗಳ ರಾಸಾಯನಿಕ ಗುರುತುಗಳನ್ನು ನೋಡಿ ವಯಸ್ಸು ಹೇಳುವ ವಿಧಾನ ಕೊಟ್ಟರು. ಅದಕ್ಕೆ ದುಬಾರಿ ಪರೀಕ್ಷೆ ಬೇಕು. 2018ರಲ್ಲಿ ಮಾರ್ಗನ್ ಲೆವಿನ್ ಮತ್ತು ಸಂಗಡಿಗರು ಸಾಮಾನ್ಯ ರಕ್ತಪರೀಕ್ಷೆಯಲ್ಲೇ ಸಿಗುವ ಒಂಬತ್ತು ಅಂಕಿಗಳನ್ನು ವಯಸ್ಸಿನ ಜೊತೆ ಸೇರಿಸಿ ಲೆಕ್ಕ ಹಾಕುವ ಸೂತ್ರ ಪ್ರಕಟಿಸಿದರು. ಸಕ್ಕರೆ, ಕ್ರಿಯಾಟಿನಿನ್, ಅಲ್ಬುಮಿನ್, ಬಿಳಿ ರಕ್ತಕಣಗಳ ಸಂಖ್ಯೆ, ಹೀಗೆ. ಸೂತ್ರ ಎಲ್ಲರಿಗೂ ಸಿಗುತ್ತದೆ, ಎಕ್ಸೆಲ್‌ನಲ್ಲೇ ಹಾಕಬಹುದು.

ನಮ್ಮಂಥವರಿಗೆ ಇಷ್ಟು ಸಿಕ್ಕರೆ ಸಾಕು. ಅಪ್ಪ ಆಗಷ್ಟೇ ಮಾಡಿಸಿದ್ದ ಫುಲ್ ಬಾಡಿ ಚೆಕಪ್ ರಿಪೋರ್ಟು ವಾಟ್ಸ್‌ಆ್ಯಪ್‌ನಲ್ಲಿತ್ತು. ಅಂಕಿಗಳನ್ನು ತುಂಬಿದೆ. ಉತ್ತರ ಬಂತು: 87.

ಎದೆ ಧಸಕ್ಕೆಂದಿತು. 68ರ ಅಪ್ಪ, ಲೆಕ್ಕದಲ್ಲಿ 87. ಹತ್ತೊಂಬತ್ತು ವರ್ಷ ಎಲ್ಲಿ ಹೋಯಿತು?

ಆಗ ನಾನು ಮಾಡಿದ್ದು ಶುದ್ಧ ದಡ್ಡತನ. ಆ ಸಂಖ್ಯೆ ಯಾಕೆ ಹಾಗೆ ಬಂತು ಅಂತ ಕೇಳಲಿಲ್ಲ. ಸಂಖ್ಯೆಯನ್ನು ಇಳಿಸುವುದು ಹೇಗೆ ಅಂತ ಹುಡುಕಿದೆ. ಆನ್‌ಲೈನ್‌ನಲ್ಲಿ ಮುಪ್ಪು ತಡೆಯುವ ಮಾತ್ರೆಗಳ ಒಂದು ಡಬ್ಬಿ, ಜೊತೆಗೆ ಮಲ್ಟಿವಿಟಮಿನ್, ಎಲ್ಲಾ ಸೇರಿ ಆರು ಸಾವಿರ ಚಿಲ್ಲರೆ. ನೇರವಾಗಿ ತಿಪಟೂರಿಗೆ ಕಳಿಸಿದೆ. "ಮಗಳು ಕಳಿಸಿದಾಳೆ" ಅಂತ ಅಪ್ಪ ದಿನಾ ತಪ್ಪದೆ ನುಂಗಿದರು.

ಮುಖ ತೊಳೆಯುವಾಗ

ಆಗಸ್ಟ್‌ನಲ್ಲಿ ಅಮ್ಮ ಫೋನ್ ಮಾಡಿದಳು. "ನಿಮ್ಮಪ್ಪ ಬಚ್ಚಲಲ್ಲಿ ವಾಲಿಬಿಟ್ರು ಕಣೇ. ಮುಖಕ್ಕೆ ಸೋಪು ಹಾಕ್ಕೊಂಡು ಕಣ್ಣು ಮುಚ್ಚಿದ್ರಂತೆ, ಹಾಗೇ ಪಕ್ಕಕ್ಕೆ ಬಿದ್ರು. ನಲ್ಲಿ ತಾಗಿ ಹಣೆಗೆ ಪೆಟ್ಟಾಗಿದೆ."

ನಾನು ಹೋಗಿ ಕರೆದುಕೊಂಡು ಬಂದೆ. ಇಲ್ಲಿನ ವೈದ್ಯರೊಬ್ಬರು ಸ್ಕ್ಯಾನ್ ಬರೆಯುವ ಮೊದಲು ಅಪ್ಪನನ್ನು ಎರಡೂ ಪಾದ ಜೋಡಿಸಿ ನಿಲ್ಲಿಸಿದರು. "ಕಣ್ಣು ಮುಚ್ಚಿ" ಅಂದರು. ಕಣ್ಣು ಮುಚ್ಚಿದ್ದೇ ಅಪ್ಪ ಗಾಳಿಗೆ ಸಿಕ್ಕ ಬಾಳೆಗಿಡದ ಹಾಗೆ ತೂಗಾಡಿದರು. ವೈದ್ಯರು ಕೈ ಹಿಡಿದುಕೊಂಡರು. ಆಮೇಲೆ ಶ್ರುತಿಕವೆಯನ್ನು ತಟ್ಟಿ ಹೆಬ್ಬೆರಳಿನ ಮೇಲಿಟ್ಟರು. "ಅದುರೋದು ಗೊತ್ತಾಗ್ತಿದೆಯಾ?" ಅಪ್ಪನಿಗೆ ಗೊತ್ತಾಗಲಿಲ್ಲ. ನಾಲಿಗೆ ಚಾಚಿಸಿದರು. ಕೆಂಪಗೆ, ನುಣ್ಣಗೆ, ಎಣ್ಣೆ ಸವರಿದ ಹಾಗಿತ್ತು. ಖಾರ ಉರಿಯುತ್ತದೆ ಅಂತ ಅಪ್ಪ ಒಂದು ವರ್ಷದಿಂದ ಸಾರಿಗೆ ನೀರು ಬೆರೆಸಿಕೊಳ್ಳುತ್ತಿದ್ದರು. ಅದನ್ನೂ ನಾವು 'ವಯಸ್ಸು' ಅಂದುಕೊಂಡಿದ್ದೆವು.

ನಮ್ಮ ಕಾಲು ನೆಲದ ಮೇಲೆ ಎಲ್ಲಿದೆ ಅಂತ ಬೆನ್ನುಹುರಿಯ ನರಗಳು ಮೆದುಳಿಗೆ ಸುದ್ದಿ ಕಳಿಸುತ್ತಿರುತ್ತವಂತೆ. ಆ ಸುದ್ದಿ ನಿಂತರೆ ಕಣ್ಣು ನೋಡಿ ನೋಡಿ ಸಮತೋಲನ ಮಾಡುತ್ತದೆ. ಕತ್ತಲಲ್ಲೋ, ಮುಖ ತೊಳೆಯುವಾಗಲೋ ಕಣ್ಣಿನ ಸಹಾಯ ತಪ್ಪಿದರೆ ಮನುಷ್ಯ ವಾಲುತ್ತಾನೆ. ಚಪ್ಪಲಿ ಬಿದ್ದದ್ದು ಗೊತ್ತಾಗದಿದ್ದಕ್ಕೂ ಕಾರಣ ಅದೇ.

ವೈದ್ಯರು ಮೂರೇ ಪ್ರಶ್ನೆ ಕೇಳಿದರು. ಮೆಟ್‌ಫಾರ್ಮಿನ್ ಎಷ್ಟು ವರ್ಷದಿಂದ? ಆ್ಯಸಿಡಿಟಿ ಮಾತ್ರೆ ಇದೆಯಾ? ಮೊಟ್ಟೆ, ಮೀನು, ಮಾಂಸ ಏನಾದರೂ ತಿನ್ನುತ್ತೀರಾ? ಆಮೇಲೆ ಬಿ12 ಪರೀಕ್ಷೆ ಬರೆದರು. ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಕೊರತೆ ಎನ್ನುತ್ತಾರೆ. ಅಪ್ಪನದು 96.

ಎರಡು ಅಂಕಿಯಲ್ಲಿ ಹದಿನಾರು ವರ್ಷ

ಆ ರಾತ್ರಿ ಮತ್ತೆ ಎಕ್ಸೆಲ್ ತೆರೆದೆ. ಒಂಬತ್ತು ಅಂಕಿಗಳಲ್ಲಿ ಎರಡು ಕೆಂಪು ರಕ್ತಕಣಕ್ಕೆ ಸಂಬಂಧಿಸಿದವು. ಒಂದು ಎಂಸಿವಿ, ಅಂದರೆ ಕಣದ ಸರಾಸರಿ ಗಾತ್ರ. ಇನ್ನೊಂದು ಆರ್‌ಡಿಡಬ್ಲ್ಯು, ಅಂದರೆ ಕಣಗಳ ಗಾತ್ರದಲ್ಲಿ ಎಷ್ಟು ಏರುಪೇರಿದೆ ಅನ್ನುವುದು. ಅಪ್ಪನ ಎಂಸಿವಿ 106, ಆರ್‌ಡಿಡಬ್ಲ್ಯು 16.5. ಎರಡೂ ಮಾಮೂಲಿಗಿಂತ ಜಾಸ್ತಿ. ಉಳಿದ ಏಳನ್ನು ಮುಟ್ಟದೆ ಇವೆರಡನ್ನು ಮಾತ್ರ 90 ಮತ್ತು 13.5 ಅಂತ ಬದಲಿಸಿ ನೋಡಿದೆ. 87 ಇದ್ದದ್ದು 71ಕ್ಕೆ ಇಳಿಯಿತು.

ಹದಿನಾರು ವರ್ಷದ 'ಮುಪ್ಪು' ಆ ಎರಡು ಅಂಕಿಯಲ್ಲಿ ಕೂತಿತ್ತು. ಬಿ12 ಇಲ್ಲದಿದ್ದರೆ ಮೂಳೆಮಜ್ಜೆಯಲ್ಲಿ ಕಣಗಳು ಸರಿಯಾಗಿ ಒಡೆದು ಎರಡಾಗುವುದಿಲ್ಲ. ಬೆಳೆಯುತ್ತವೆ, ಆದರೆ ವಿಭಜನೆ ತಡವಾಗುತ್ತದೆ. ಹಾಗಾಗಿ ದೊಡ್ಡ ದೊಡ್ಡ, ಅಳತೆಗೆ ಸಿಗದ ಕಣಗಳು ರಕ್ತಕ್ಕೆ ಬರುತ್ತವೆ. ಸೂತ್ರಕ್ಕೆ ಕಾರಣ ಗೊತ್ತಾಗುವುದಿಲ್ಲ. ಕಣ ದೊಡ್ಡದಿದೆ, ಇಂಥವರಿಗೆ ಅಪಾಯ ಹೆಚ್ಚು, ಆದ್ದರಿಂದ ವಯಸ್ಸು ಹೆಚ್ಚು. ಅಷ್ಟೇ ಅದರ ಲೆಕ್ಕ. ಕಾರಣ ಹುಡುಕಬೇಕಾದವಳು ನಾನು. ಆಫೀಸಿನಲ್ಲಿ ಸರ್ವರ್ ನಿಧಾನವಾದರೆ "ಹಳೇದಾಯ್ತು ಬಿಡಿ" ಅಂತ ನಾನು ಒಂದು ದಿನವೂ ಹೇಳಿದವಳಲ್ಲ. ಲಾಗ್ ತೆಗೆದು ನೋಡುತ್ತೇನೆ. ಅಪ್ಪನ ವಿಷಯದಲ್ಲಿ ಲಾಗ್ ಮಾರ್ಚ್‌ನಿಂದ ನನ್ನ ಫೋನಿನಲ್ಲೇ ಇತ್ತು.

ಒಂದು ಎಚ್ಚರಿಕೆ. ಎಂಸಿವಿ ಜಾಸ್ತಿ ಇದ್ದರೆ ಬಿ12 ಕೊರತೆಯೇ ಅಂತಲ್ಲ. ಫೋಲೇಟ್ ಕೊರತೆ, ಥೈರಾಯ್ಡ್, ಯಕೃತ್ತಿನ ತೊಂದರೆ, ಮದ್ಯಪಾನದಲ್ಲೂ ಹಾಗಾಗುತ್ತದೆ. ಎಂಸಿವಿ ಮಾಮೂಲಾಗಿದ್ದು ಬಿ12 ಕಡಿಮೆ ಇರುವುದೂ ಉಂಟು. ಕಬ್ಬಿಣದ ಕೊರತೆಯೂ ಜೊತೆಗಿದ್ದರೆ ಅದು ಕಣವನ್ನು ಚಿಕ್ಕದು ಮಾಡುತ್ತದೆ, ಇದು ದೊಡ್ಡದು ಮಾಡುತ್ತದೆ, ಸರಾಸರಿ ಸರಿಯಾಗೇ ಕಾಣುತ್ತದೆ.

ಊಟ ಬಲ್ಲವನಿಗೂ

"ಊಟ ಬಲ್ಲವನಿಗೆ ರೋಗವಿಲ್ಲ ಅಂತಾರೆ. ನಾನು ಯಾವತ್ತು ಹೊರಗಡೆ ತಿಂದಿದೀನಿ? ಮುದ್ದೆ, ಸೊಪ್ಪಿನ ಸಾರು, ಇನ್ನೇನು ಬೇಕು?" ಇದು ಅಪ್ಪನ ವಾದ. ಸುಳ್ಳಲ್ಲ. ಆದರೆ ಆ ಗಾದೆ ಬಾಯಿಯವರೆಗಿನ ಮಾತು. ಅರವತ್ತು ದಾಟಿದ ಮೇಲೆ ಬಾಯಿಯಿಂದ ಆಚೆಗಿನ ಕಥೆ ಬೇರೆ.

ಸೊಪ್ಪಿನಲ್ಲಿ ಫೋಲೇಟ್ ಇದೆ, ಬಿ12 ಇಲ್ಲ. ರಾಗಿಯಲ್ಲಿ ಇಲ್ಲ, ಬೇಳೆಯಲ್ಲಿ ಇಲ್ಲ, ಕೊಬ್ಬರಿಯಲ್ಲೂ ಇಲ್ಲ. ಬಿ12 ತಯಾರಿಸುವುದು ಸೂಕ್ಷ್ಮಾಣುಗಳು. ನಮಗೆ ಸಿಗುವುದು ಪ್ರಾಣಿಮೂಲದ ಆಹಾರದಿಂದ: ಮೀನು, ಮಾಂಸ, ಮೊಟ್ಟೆ, ಹಾಲು. ಕರಾವಳಿಯವರ ಬೂತಾಯಿ ಮೀನಿನಲ್ಲಿ ಧಾರಾಳವಾಗಿದೆ. ಸಸ್ಯಾಹಾರಿಗಳಿಗೆ ಹಾಲು, ಮೊಸರು, ಪನೀರ್ ಬಿಟ್ಟರೆ ದಾರಿಯಿಲ್ಲ. ಸ್ಪಿರುಲಿನಾದಲ್ಲಿ ಇದೆ ಅಂತ ಜಾಹೀರಾತು ಬರುತ್ತದೆ. ಅದರಲ್ಲಿರುವುದು ಬಹುಪಾಲು ನಮ್ಮ ದೇಹಕ್ಕೆ ಉಪಯೋಗಕ್ಕೆ ಬಾರದ, ಬಿ12 ಹಾಗೆ ಕಾಣುವ ಬೇರೆ ವಸ್ತು.

ದೊಡ್ಡವರಿಗೆ ದಿನಕ್ಕೆ ಬೇಕಾದ್ದು ಎರಡರಿಂದ ಎರಡೂವರೆ ಮೈಕ್ರೋಗ್ರಾಂ. 200 ಮಿಲಿಲೀಟರಿನ ಒಂದು ಲೋಟ ಹಾಲಿನಲ್ಲಿ ಸಿಗುವುದು ಹೆಚ್ಚೆಂದರೆ ಒಂದು. ಪದೇ ಪದೇ ಕುದಿಸಿದರೆ ಅದರಲ್ಲೂ ಒಂದಿಷ್ಟು ನಷ್ಟ.

ಒಂದು ಭಾನುವಾರ ಅಪ್ಪನನ್ನು ಕೂರಿಸಿಕೊಂಡು ಹಿಂದಿನ ದಿನ ಬೆಳಿಗ್ಗೆಯಿಂದ ರಾತ್ರಿಯವರೆಗೆ ಏನೇನು ತಿಂದರು ಅಂತ ಬರೆದುಕೊಂಡೆ. ಪೋಷಣೆಯ ದೊಡ್ಡ ಸಮೀಕ್ಷೆಗಳಲ್ಲೂ ಹೀಗೇ ಕೇಳುತ್ತಾರೆ. ಬೆಳಿಗ್ಗೆ ಕಾಫಿ, ಉಪ್ಪಿಟ್ಟು. ಮಧ್ಯಾಹ್ನ ಅರ್ಧ ಮುದ್ದೆ, ಸೊಪ್ಪಿನ ಸಾರು, ಒಂದು ಹಿಡಿ ಅನ್ನ. ಸಂಜೆ ಕಾಫಿ. ರಾತ್ರಿ ಅನ್ನಕ್ಕೆ ನೀರು ಮಜ್ಜಿಗೆ. ಇಡೀ ದಿನ ಲೆಕ್ಕ ಹಾಕಿದರೆ ಹಾಲು ಅರ್ಧ ಲೋಟ ದಾಟುವುದಿಲ್ಲ.

"ಮೊಸರು ಯಾಕೆ ಬಿಟ್ರಿ?" ಅಂದೆ.

"ಕೊಲೆಸ್ಟ್ರಾಲ್ ಅಂದ್ರಲ್ಲ."

ಸಕ್ಕರೆ ಅಂತ ಹಣ್ಣು ಬಿಟ್ಟಿದ್ದರು. ಗ್ಯಾಸ್ ಅಂತ ಕಾಳು ಬಿಟ್ಟಿದ್ದರು. ಹಲ್ಲು ಅಲ್ಲಾಡುತ್ತೆ ಅಂತ ಹಸಿ ತರಕಾರಿ ಬಿಟ್ಟಿದ್ದರು. ರಾತ್ರಿ ಎದೆಯುರಿ ಅಂತ ಊಟವನ್ನೇ ಅರ್ಧ ಮಾಡಿದ್ದರು. ಒಂದೊಂದಕ್ಕೂ ಒಂದು ಒಳ್ಳೆಯ ಕಾರಣ ಇತ್ತು. ಬಿಡಲು ಎಲ್ಲರೂ ಹೇಳಿದ್ದರು. ಅದರ ಬದಲು ಏನು ತಿನ್ನಬೇಕು ಅಂತ ಯಾರೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಇಷ್ಟು ಒಳಗೆ ಹೋಗುವುದರ ಕಥೆ. ಹೋದದ್ದು ದಕ್ಕುವುದು ಇನ್ನೊಂದು ಕಥೆ. ಆಹಾರದಲ್ಲಿ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಲು ಹೊಟ್ಟೆಯ ಆಮ್ಲ ಬೇಕು. ವಯಸ್ಸಾದಂತೆ ಅನೇಕರಲ್ಲಿ ಜಠರದ ಒಳಪದರ ತೆಳುವಾಗಿ ಆಮ್ಲ ಕಡಿಮೆಯಾಗುತ್ತದೆ. ಅದರ ಮೇಲೆ ದಿನಾ ಆ್ಯಸಿಡಿಟಿ ಮಾತ್ರೆ ನುಂಗಿದರೆ ಇನ್ನೂ ಕಡಿಮೆ. ಬಿಡಿಸಿಕೊಂಡ ಬಿ12 ಜಠರದಲ್ಲೇ ತಯಾರಾಗುವ ಇನ್ನೊಂದು ಪ್ರೋಟೀನಿನ ಕೈ ಹಿಡಿದುಕೊಂಡು ಸಣ್ಣ ಕರುಳಿನ ಕೊನೆಯವರೆಗೆ ಹೋಗಿ ಅಲ್ಲಿ ರಕ್ತಕ್ಕೆ ಸೇರಬೇಕು. ಆ ಕೊನೆಯ ಬಾಗಿಲಲ್ಲಿ ಹೀರಿಕೆಗೆ ಮೆಟ್‌ಫಾರ್ಮಿನ್ ಅಡ್ಡಿ ಮಾಡಬಲ್ಲದು. 2022ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ವೈದ್ಯರಿಗೆ ಎಚ್ಚರಿಕೆ ಕೊಟ್ಟು, ಲಕ್ಷಣ ಕಂಡರೆ ಬಿ12 ಪರೀಕ್ಷಿಸಿ ಎಂದಿತು.

ಹಾಗಂತ ಓದಿದ ಕೂಡಲೇ ಸಕ್ಕರೆ ಮಾತ್ರೆ ನಿಲ್ಲಿಸಬೇಡಿ. ಅಪ್ಪನ ವೈದ್ಯರೂ ನಿಲ್ಲಿಸಲಿಲ್ಲ. ಅದು ಒಳ್ಳೆಯ ಔಷಧ. ಜೊತೆಗೆ ಬಿ12 ಮೇಲೆ ಒಂದು ಕಣ್ಣಿಡಬೇಕು, ಅಷ್ಟೇ.

ಇದೆಲ್ಲ ನಿಧಾನವಾಗಿ ಆಗುತ್ತದೆ. ಯಕೃತ್ತಿನಲ್ಲಿ ಕೆಲವು ವರ್ಷಕ್ಕಾಗುವಷ್ಟು ಬಿ12 ದಾಸ್ತಾನು ಇರುತ್ತದೆ. ದಾಸ್ತಾನು ಕರಗುವಷ್ಟರಲ್ಲಿ ಮನುಷ್ಯನಿಗೂ ವಯಸ್ಸಾಗಿರುತ್ತದೆ. ಜೋಮು, ಮರೆವು, ಸಿಡುಕು, ಸುಸ್ತು ಒಂದೊಂದಾಗಿ ಬರುವುದು ಆಗಲೇ. ಹಾಗಾಗಿ ಎಲ್ಲದಕ್ಕೂ ಒಂದೇ ಹೆಸರು ಇಟ್ಟುಬಿಡುತ್ತೇವೆ.

ನಾನು ಕಳಿಸಿದ ಡಬ್ಬಿ

ನಾನು ಕಳಿಸಿದ್ದ ಮಾತ್ರೆ ಡಬ್ಬಿಯನ್ನೂ ವೈದ್ಯರಿಗೆ ತೋರಿಸಿದೆ. ಅವರು ಲೇಬಲ್ ಓದಿ ನನ್ನ ಮುಖ ನೋಡಿದರು. ಅದರಲ್ಲಿ ಬಿ12 ಒಂದು ಮೈಕ್ರೋಗ್ರಾಂ ಇತ್ತು, ಫೋಲಿಕ್ ಆಮ್ಲ ಧಾರಾಳವಾಗಿತ್ತು.

ಇದರ ಅರ್ಥ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. 1920ರ ದಶಕದ ಕೊನೆಗೆ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬೈಗೆ ಬಂದು, ಅಲ್ಲಿನ ಬಡ ಗರ್ಭಿಣಿಯರಲ್ಲಿ ಕಾಣುತ್ತಿದ್ದ, ರಕ್ತಕಣ ದೊಡ್ಡದಾಗುವ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ಯೀಸ್ಟ್‌ನ ಸಾರ ಕೊಟ್ಟಾಗ ಅದು ವಾಸಿಯಾಯಿತು. ಆ ಸಾರದಲ್ಲಿದ್ದದ್ದು ಮುಂದೆ ಫೋಲೇಟ್ ಎಂದು ಗೊತ್ತಾಯಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ, 1926ರಲ್ಲಿ, ಅಮೆರಿಕದ ಮಿನೊ ಮತ್ತು ಮರ್ಫಿ ಎಂಬ ವೈದ್ಯರು ಸಾವಿಗೇ ಕರೆದೊಯ್ಯುತ್ತಿದ್ದ ಇನ್ನೊಂದು ರಕ್ತಹೀನತೆಗೆ ದಿನಾ ಯಕೃತ್ತಿನ ಮಾಂಸ ತಿನ್ನಿಸಿ ರೋಗಿಗಳನ್ನು ಬದುಕಿಸಿದ್ದರು. ಅದಕ್ಕೆ 1934ರಲ್ಲಿ ನೊಬೆಲ್ ಬಂತು. ಆ ಯಕೃತ್ತಿನಲ್ಲಿದ್ದದ್ದು ಬಿ12. ಅದನ್ನು ಬೇರ್ಪಡಿಸಿದ್ದು 1948ರಲ್ಲಿ.

ಎರಡೂ ಕೊರತೆಯಲ್ಲಿ ರಕ್ತ ಒಂದೇ ಥರ ಕಾಣುತ್ತದೆ. ಆದ್ದರಿಂದಲೇ ಅಪಾಯ. ಬಿ12 ಇಲ್ಲದವರಿಗೆ ಫೋಲಿಕ್ ಆಮ್ಲ ಮಾತ್ರ ಜಾಸ್ತಿ ಕೊಟ್ಟರೆ ರಕ್ತಹೀನತೆ ಸುಧಾರಿಸಬಹುದು, ರಿಪೋರ್ಟು ಚೆನ್ನಾಗಿ ಕಾಣಬಹುದು. ನರಗಳ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ. ನನ್ನ ಎಕ್ಸೆಲ್‌ನಲ್ಲಿ ಅಪ್ಪ 'ಚಿಕ್ಕವರಾಗುತ್ತಾ' ಹೋಗಿ, ಬಚ್ಚಲಲ್ಲಿ ಮಾತ್ರ ವಾಲುತ್ತಲೇ ಇರಬಹುದಿತ್ತು. ಇದನ್ನು ಕೇಳಿ ನನಗೆ ಕೈಕಾಲು ತಣ್ಣಗಾಯಿತು.

ಕೊರತೆ ತುಂಬುವುದು, ಮೇಲೆ ಸುರಿಯುವುದು

ಆಮೇಲೆ ಕೆಲವು ತಿಂಗಳು ನಾನು ಈ ವಿಷಯವನ್ನು ಬಿಡದೆ ಓದಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಮತ್ತು ಪೋಷಣೆ ಸಮೀಕ್ಷೆಯ ಅಂಕಿಅಂಶ ಬಳಸಿ, ಆಹಾರದಲ್ಲಿ ವಿಟಮಿನ್ ಹೆಚ್ಚು ತಿನ್ನುವ ಹಿರಿಯರ ಜೈವಿಕ ವಯಸ್ಸು ಕಡಿಮೆ ಎನ್ನುವ ಅಧ್ಯಯನಗಳು ಬರುತ್ತವೆ. ಓದಲು ಖುಷಿಯಾಗುತ್ತದೆ. ಆದರೆ ಹಣ್ಣು ತರಕಾರಿ ಚೆನ್ನಾಗಿ ತಿನ್ನುವವರು ಸಾಮಾನ್ಯವಾಗಿ ನಡೆಯುತ್ತಾರೆ, ಬೀಡಿ ಸಿಗರೇಟು ಸೇದುವುದಿಲ್ಲ, ಕೈಯಲ್ಲಿ ನಾಲ್ಕು ಕಾಸಿರುತ್ತದೆ. ಯಾವುದರ ಪುಣ್ಯ ಯಾವುದಕ್ಕೆ? ಅದನ್ನು ತಿಳಿಯಲು ಕೆಲವರಿಗೆ ನಿಜವಾದ ಮಾತ್ರೆ, ಕೆಲವರಿಗೆ ಹುಸಿ ಮಾತ್ರೆ ಕೊಟ್ಟು ವರ್ಷಗಟ್ಟಲೆ ಕಾಯಬೇಕು.

ಹಾಗೆ ಕಾದು ನೋಡಿದವರ ಫಲಿತಾಂಶ ಹೀಗಿದೆ. ಫಿನ್ಲೆಂಡಿನಲ್ಲಿ ಧೂಮಪಾನಿ ಗಂಡಸರು 29,133 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ, ಕ್ಯಾರೆಟ್ಟಿನ ಬೀಟಾ ಕ್ಯಾರೋಟಿನನ್ನು ಮಾತ್ರೆ ಮಾಡಿ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇಳಿಯುವ ಬದಲು 18 ಶೇಕಡಾ ಹೆಚ್ಚಾಯಿತು. ಇದು 1994ರಲ್ಲಿ ಪ್ರಕಟವಾಯಿತು. ದೊಡ್ಡ ಪ್ರಮಾಣದ ವಿಟಮಿನ್ ಇ ತೆಗೆದುಕೊಂಡ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17 ಶೇಕಡಾ ಹೆಚ್ಚು ಅಂತ 2011ರಲ್ಲಿ ಗೊತ್ತಾಯಿತು. ಅಮೆರಿಕದಲ್ಲಿ 25,871 ಜನರಿಗೆ ಸುಮಾರು ಐದು ವರ್ಷ ನಡೆದ ಪ್ರಯೋಗದಲ್ಲಿ ದಿನಾ 2,000 ಐಯು ವಿಟಮಿನ್ ಡಿ ಕೊಟ್ಟರೂ ಕ್ಯಾನ್ಸರ್ ಬರುವುದಾಗಲಿ, ಹೃದಯಾಘಾತವಾಗಲಿ, ಮೂಳೆ ಮುರಿತವಾಗಲಿ ಕಡಿಮೆಯಾಗಲಿಲ್ಲ. ಅವರಲ್ಲಿ ಬಹಳ ಮಂದಿಗೆ ಮೊದಲೇ ಡಿ ಕೊರತೆ ಇರಲಿಲ್ಲ.

ಡಿಎನ್‌ಎ ಗಡಿಯಾರದ ಸುದ್ದಿಯೂ ಇದೆ. ಸ್ವಿಟ್ಜರ್ಲೆಂಡಿನಲ್ಲಿ 70 ದಾಟಿದ 777 ಜನರ ಪರೀಕ್ಷೆ 2025ರಲ್ಲಿ ಪ್ರಕಟವಾಯಿತು. ಮೂರು ವರ್ಷ ದಿನಕ್ಕೆ ಒಂದು ಗ್ರಾಂ ಒಮೆಗಾ-3 ತೆಗೆದುಕೊಂಡವರ ಜೈವಿಕ ಗಡಿಯಾರ ಮೂರರಿಂದ ನಾಲ್ಕು ತಿಂಗಳಷ್ಟು ನಿಧಾನವಾಗಿತ್ತು. ವಿಟಮಿನ್ ಡಿ ಒಂದನ್ನೇ ಕೊಟ್ಟಾಗ ಅಂಥ ಪರಿಣಾಮ ಕಾಣಲಿಲ್ಲ. ಮೂರು ವರ್ಷಕ್ಕೆ ಮೂರು ತಿಂಗಳು. ನಮ್ಮಪ್ಪನ ಎರಡು ಅಂಕಿಯಲ್ಲಿ ಹದಿನಾರು ವರ್ಷ ಅಡಗಿತ್ತಲ್ಲ, ಅದರ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ.

ಇನ್ನೊಂದು ಕಡೆ ಆಕ್ಸ್‌ಫರ್ಡಿನ ಪ್ರಯೋಗವೊಂದಿದೆ. ನೆನಪು ಸ್ವಲ್ಪ ಮಸುಕಾಗಲು ಶುರುವಾಗಿದ್ದ, 70 ದಾಟಿದ ಹಿರಿಯರಿಗೆ ಎರಡು ವರ್ಷ ಫೋಲಿಕ್ ಆಮ್ಲ, ಬಿ12, ಬಿ6 ಕೊಟ್ಟರು. 2010ರಲ್ಲಿ ಫಲಿತಾಂಶ ಬಂತು. ಮಾತ್ರೆ ತೆಗೆದುಕೊಂಡವರ ಮೆದುಳು ಕುಗ್ಗುವ ವೇಗ ಸರಾಸರಿ 30 ಶೇಕಡಾ ಕಡಿಮೆಯಾಗಿತ್ತು. ರಕ್ತದಲ್ಲಿ ಹೋಮೋಸಿಸ್ಟೀನ್ ತುಂಬ ಹೆಚ್ಚಿದ್ದವರಲ್ಲಿ ಲಾಭ ಇನ್ನೂ ಜಾಸ್ತಿ. ಹೋಮೋಸಿಸ್ಟೀನ್ ಏರಿದೆ ಅಂದರೆ ಸಾಮಾನ್ಯವಾಗಿ ಈ ಬಿ ವಿಟಮಿನ್‌ಗಳು ಸಾಲುತ್ತಿಲ್ಲ ಅಂತ.

ಎಲ್ಲ ಓದಿ ನನಗೆ ಅರ್ಥವಾದದ್ದು ಇಷ್ಟು. ಕೊರತೆ ಇರುವ ಕಡೆ ತುಂಬಿದರೆ ವಿಟಮಿನ್ ಕೆಲಸ ಮಾಡುತ್ತದೆ. ತುಂಬಿದ ಕೊಡಕ್ಕೆ ಮತ್ತೆ ಸುರಿದರೆ ನೀರು ಚೆಲ್ಲುತ್ತದೆ. ಕೆಲವು ಸಲ ಕಾಲು ಜಾರುವುದು ಆ ಚೆಲ್ಲಿದ ನೀರಿನಲ್ಲೇ. ಬಿ6 ಅನ್ನು ದೊಡ್ಡ ಪ್ರಮಾಣದಲ್ಲಿ ಬಹಳ ದಿನ ನುಂಗಿದರೆ ಅದೇ ನರಗಳಿಗೆ ಹಾನಿ ಮಾಡುತ್ತದೆ. ವಾರಕ್ಕೊಂದು ಅಂತ ಬರೆದುಕೊಟ್ಟ 60,000 ಐಯು ವಿಟಮಿನ್ ಡಿಯನ್ನು ದಿನಾ ತೆಗೆದುಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಆಸ್ಪತ್ರೆ ಸೇರಬೇಕಾದೀತು.

ಮನೆಯಲ್ಲಿ ಏನು ಬದಲಾಯಿತು

ಅಪ್ಪನಿಗೆ ಬಿ12 ಇಂಜೆಕ್ಷನ್ ಶುರುವಾಯಿತು. ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಈಗ ತಿಂಗಳಿಗೊಂದು. ಬಿ12 ಕೆಂಪು ಬಣ್ಣದ ವಸ್ತು. ಸಿರಿಂಜಿನಲ್ಲಿ ಅದನ್ನು ನೋಡಿ ಅಪ್ಪ, "ಓಕುಳಿ ನೀರಿದ್ದ ಹಾಗಿದೆಯಲ್ಲ" ಅಂದರು.

ಅಡುಗೆಮನೆಯಲ್ಲೂ ಕೆಲವು ಬದಲಾವಣೆ ಆಯಿತು. ಮಧ್ಯಾಹ್ನ ಒಂದು ಬಟ್ಟಲು ಗಟ್ಟಿ ಮೊಸರು, ರಾತ್ರಿ ಒಂದು ಲೋಟ ಹಾಲು ವಾಪಸ್ ಬಂತು. ಬಿಟ್ಟಿದ್ದ ಹಣ್ಣಿನಲ್ಲಿ ಸೀಬೆಹಣ್ಣು ಮೊದಲು ಬಂತು. ವೈದ್ಯರನ್ನು ಕೇಳಿಯೇ, ಅರ್ಧ ಹಣ್ಣು, ತೆಳ್ಳಗೆ ಹೆಚ್ಚಿ. ಸೊಪ್ಪನ್ನು ಮೂರು ಸಲ ಬಿಸಿ ಮಾಡುವುದು ನಿಂತಿತು. ಫೋಲೇಟ್ ಮತ್ತು ವಿಟಮಿನ್ ಸಿ ಬಿಸಿಗೆ, ನೀರಿಗೆ ಬೇಗ ಕಳೆದುಹೋಗುತ್ತವೆ. ಮುದ್ದೆಗೆ ಒಂದು ಚಮಚ ತುಪ್ಪ ಬಂತು. ಎ, ಡಿ, ಇ, ಕೆ ವಿಟಮಿನ್‌ಗಳು ಕೊಬ್ಬಿನ ಜೊತೆಗಲ್ಲದೆ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಬೆಳಗಿನ ಪೇಪರನ್ನು ಅಪ್ಪ ಈಗ ಜಗಲಿಯ ಬಿಸಿಲಿನಲ್ಲಿ ಕೂತು ಓದುತ್ತಾರೆ. ಎಪ್ಪತ್ತರ ಚರ್ಮ ಇಪ್ಪತ್ತರ ಚರ್ಮದಷ್ಟು ವಿಟಮಿನ್ ಡಿ ಮಾಡಲಾರದು. ಹಾಗಾಗಿ ವೈದ್ಯರು ಪರೀಕ್ಷೆ ನೋಡಿ ಡಿ ಮಾತ್ರೆಯನ್ನೂ ಬರೆದಿದ್ದಾರೆ.

ರಕ್ತ ತೆಳುವಾಗಲು ವಾರ್ಫರಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಒಮ್ಮೆಲೇ ಸೊಪ್ಪು ಹೆಚ್ಚಿಸಬಾರದು, ಒಮ್ಮೆಲೇ ಬಿಡಲೂ ಬಾರದು. ಸೊಪ್ಪಿನ ವಿಟಮಿನ್ ಕೆ ಆ ಔಷಧದ ಲೆಕ್ಕ ತಪ್ಪಿಸುತ್ತದೆ. ಇಂಥದ್ದನ್ನೆಲ್ಲ ವೈದ್ಯರನ್ನು ಕೇಳಿಯೇ ಮಾಡಿ.

ನಿಮ್ಮ ಮನೆಯ ಹಿರಿಯರಲ್ಲಿ ಕಾಲು ಜೋಮು, ಕತ್ತಲಲ್ಲಿ ತಡವರಿಸುವುದು, ಚಪ್ಪಲಿ ಜಾರುವುದು, ನಾಲಿಗೆ ಉರಿ, ಹೊಸದಾಗಿ ಶುರುವಾದ ಮರೆವು ಇದ್ದರೆ ಒಂದು ಬಿ12 ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಹೋಗುವಾಗ ಅವರು ನುಂಗುವ ಎಲ್ಲಾ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಅಂಗಡಿಯಿಂದ ತಂದದ್ದು, ಮಕ್ಕಳು ಕಳಿಸಿದ್ದು, ಎಲ್ಲವನ್ನೂ. ಇಂಜೆಕ್ಷನ್ ಶುರು ಮಾಡುವ ಮೊದಲೇ ರಕ್ತ ಕೊಡಿ. ಆಮೇಲೆ ಕೊಟ್ಟರೆ ಅಂಕಿ ಏರಿರುತ್ತದೆ, ಕೊರತೆ ಇತ್ತೋ ಇಲ್ಲವೋ ತಿಳಿಯುವುದಿಲ್ಲ.

ಎಂಟು ತಿಂಗಳ ಮೇಲೆ

ಈ ಏಪ್ರಿಲ್‌ನಲ್ಲಿ ಮತ್ತೆ ರಕ್ತಪರೀಕ್ಷೆ ಮಾಡಿಸಿದೆವು. ಎಂಸಿವಿ 93, ಆರ್‌ಡಿಡಬ್ಲ್ಯು 14. ಆಸೆ ತಡೆಯಲಾರದೆ ಸೂತ್ರಕ್ಕೆ ಹಾಕಿದೆ. 75 ಬಂತು. ಅಪ್ಪನಿಗೆ ಹೇಳಿದೆ, "ಹನ್ನೆರಡು ವರ್ಷ ಕಮ್ಮಿ ಆಗಿದೆ."

"ಹಾಗಾದ್ರೆ ನಂಗೀಗ 56. ಇನ್ನೂ ನಾಲ್ಕು ವರ್ಷ ಸರ್ವೀಸ್ ಇದೆ. ಪೆನ್ಷನ್ ವಾಪಸ್ ಕೇಳ್ತಾರೇನೋ ನೋಡು" ಅಂದರು. ಲೆಕ್ಕದ ಮೇಷ್ಟ್ರು.

ನಾಲಿಗೆ ಉರಿ ಪೂರ್ತಿ ಹೋಗಿದೆ. ಸಿಡುಕು ಹೋಗಿದೆ. ಹಳೆಯ ವಿದ್ಯಾರ್ಥಿಗಳ ಹೆಸರು ಮತ್ತೆ ನಾಲಿಗೆಗೆ ಬರುತ್ತಿವೆ. ಕಣ್ಣು ಮುಚ್ಚಿ ಮುಖ ತೊಳೆಯುತ್ತಾರೆ, ಒಂದು ಕೈ ಗೋಡೆಗೆ ಇಟ್ಟುಕೊಂಡು. ಆದರೆ ಎಡಗಾಲಿನ ಬೆರಳುಗಳಿಗೆ ಇನ್ನೂ ಸ್ಪರ್ಶ ತಿಳಿಯುವುದಿಲ್ಲ. ಬಹಳ ದಿನ ಹಸಿದ ನರ ಪೂರ್ತಿ ಚೇತರಿಸಿಕೊಳ್ಳುತ್ತದೆ ಅನ್ನುವ ಖಾತರಿ ಇಲ್ಲ, ಸಕ್ಕರೆ ಕಾಯಿಲೆಯ ಪಾಲೂ ಅದರಲ್ಲಿರಬಹುದು ಅಂತ ವೈದ್ಯರು ಹೇಳಿದರು. ಮಾರ್ಚ್‌ನಲ್ಲಿ ಕರೆದುಕೊಂಡು ಬಂದಿದ್ದರೆ? ನಾನು ಕೇಳಿದೆ. ಅವರು ಉತ್ತರ ಕೊಡಲಿಲ್ಲ, "ಈಗಲಾದರೂ ಬಂದ್ರಲ್ಲ" ಅಂದರು. ಅಪ್ಪ ಈಗ ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕುತ್ತಾರೆ. ರಾತ್ರಿ ಮಲಗುವ ಮುಂಚೆ ಅಂಗಾಲು ತಿರುಗಿಸಿ ಗಾಯ ಆಗಿದೆಯಾ ಅಂತ ನೋಡಿಕೊಳ್ಳುತ್ತಾರೆ.

ಹೋದ ವಾರ ಊರಿಗೆ ಹೋಗಿದ್ದೆ. ರಾತ್ರಿ ಊಟಕ್ಕೆ ಕೂತಾಗ ಅಪ್ಪನ ಬಟ್ಟಲಿಗೆ ಅಮ್ಮ ಗಟ್ಟಿ ಮೊಸರು ಬಡಿಸಿದಳು. ನನಗೆ ಬಡಿಸಿದಳು. ಆಮೇಲೆ ಪಾತ್ರೆಯಲ್ಲಿ ಉಳಿದದ್ದಕ್ಕೆ ನೀರು ಹಾಕಿ ಅಲ್ಲಾಡಿಸಿ ತನ್ನ ಅನ್ನಕ್ಕೆ ಸುರಿದುಕೊಂಡಳು. ಅವಳು ಏಳುವಾಗ ಗೋಡೆ ಹಿಡಿದಳು.

"ಏನಾಯ್ತಮ್ಮ?"

"ಏನಿಲ್ಲ ಕಣೇ, ಕಾಲು ಜೋಮು ಹಿಡಿದಿದೆ. ನಂಗೂ ವಯಸ್ಸಾಯ್ತಲ್ಲ."

ಇಡೀ ಒಂದು ವರ್ಷ ಅಪ್ಪನ ತಟ್ಟೆಯ ಲೆಕ್ಕ ಬರೆದಿದ್ದೆ. ಅದನ್ನು ತುಂಬುತ್ತಿದ್ದವಳ ತಟ್ಟೆಯಲ್ಲಿ ಏನಿದೆ ಅಂತ ಒಂದು ದಿನವೂ ನೋಡಿರಲಿಲ್ಲ. ಶನಿವಾರ ಬೆಳಿಗ್ಗೆ ಅಮ್ಮನ ರಕ್ತಪರೀಕ್ಷೆಗೆ ಹೆಸರು ಬರೆಸಿದ್ದೇನೆ. ಅಲ್ಲಿಯವರೆಗೆ ಮೊಸರಿನ ಪಾತ್ರೆ ಮೊದಲು ಅವಳ ತಟ್ಟೆಯ ಹತ್ತಿರ ಹೋಗಬೇಕು ಅಂತ ಅಪ್ಪನಿಗೆ ಹೇಳಿ ಬಂದಿದ್ದೇನೆ. ನಿನ್ನೆ ಫೋನ್ ಮಾಡಿ ಕೇಳಿದೆ. "ನಾನೇ ಬಡಿಸಿದೆ" ಅಂದರು.